ಶನಿವಾರದ ಹುಣಸೆಬೀಜ

ನನ್ನ ಶಾಂತಕ್ಕಾ,

ಮಡಕಶಿರಾ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ದಿನ ನೀವು ಕೊಡಿಸಿದ ಟೀ ನೆನಪಾಗುತ್ತದೆ. ವಿಶೇಷ ಮಕ್ಕಳ ಟೀಚರಾಗಿ ನಾನು ಆಗತಾನೇ ನಿಮ್ಮ ಜೊತೆ ಸೇರಿದ್ದೆ. 'ಸಂಬಳ ಯಾವ ತಾರೀಖಿಗೆ ಬರುತ್ತೆ ಅಕ್ಕಾ?' ಅಂದೆ. ನೀವು ಗ್ಲಾಸು ಕೆಳಗಿಟ್ಟು ನಕ್ಕಿರಿ. ನಿಮ್ಮ ರಾಯದುರ್ಗದ ಧಾಟಿಯಲ್ಲೇ, 'ಹೆಸರು ಸ್ಪೆಷಲ್ಲು, ಪಗಾರ ಆರ್ಡಿನರಿ ಬಸ್ಸು ನೋಡವಾ. ಬರ್ತೈತಿ. ಯಾವಾಗಂತ ಡ್ರೈವರ್ಗೂ ಗೊತ್ತಿಲ್ಲ' ಅಂದಿರಿ. ಅದೇ ಪ್ರೈಮರಿ ಶಾಲೆ, ಅದೇ ಗಂಟೆ, ಆದರೆ ಪಕ್ಕದ ಕೋಣೆಯ ಟೀಚರಿಗೆ ಬರುವುದರಲ್ಲಿ ನಮಗೆ ಅರ್ಧವೂ ಇಲ್ಲ. ಮೇಲೆ ವರ್ಷವರ್ಷಕ್ಕೂ ಹೊಸ ಕಾಂಟ್ರಾಕ್ಟು. ಅಷ್ಟು ವರ್ಷ ಹೇಗೆ ತಡೆದಿರಿ ಅಕ್ಕಾ? ಕೇಳಬೇಕು, ಕೇಳಬೇಕು ಅಂದುಕೊಂಡೇ...

ರತ್ನಗಿರಿ ಹಳ್ಳಿಯ ಗೌರಿಯ ಮನೆಗೆ ನನ್ನನ್ನು ಕರೆದುಕೊಂಡು ಹೋದ ಶನಿವಾರ ನೆನಪಿದೆಯಾ? ಶಾಲೆಗೆ ಬರಲಾಗದ ಮಕ್ಕಳ ಮನೆಗೆ ನಾವೇ ಹೋಗಬೇಕಾದ ದಿನ ಅದು. ಒಂಬತ್ತು ವರ್ಷದ ಹುಡುಗಿ, ಮಾತಿಲ್ಲ, ಕಾಲು ಸೆಟೆದುಕೊಳ್ಳುತ್ತವೆ, ಕೈ ಹೇಳಿದ ಹಾಗೆ ಕೇಳುವುದಿಲ್ಲ. ನೀವು ಅವಳ ಎಡಗಡೆ ಚಕ್ಕಳಮಕ್ಕಳ ಹಾಕಿ ಕೂತು, ಹರಳೆಣ್ಣೆ ಹಚ್ಚಿ, ಒಂದೊಂದೇ ಕಾಲು ಮಡಚಿ ಬಿಡಿಸಿದಿರಿ. ಹೊರಡುವ ಮುಂಚೆ ಅವಳ ಮಣಿಕಟ್ಟು ಹಿಡಿದು, ಹುಣಸೆಬೀಜ ಎತ್ತಿಸಿ ಡಬ್ಬಿಗೆ ಹಾಕಿಸಿದಿರಿ. ಬಂದ ಟೀಚರಿಗೆ ತಲಾ ಒಂದು ಬೀಜ. ಅವತ್ತು ನಾವಿಬ್ಬರಿದ್ದೆವು, ಎರಡು ಹಾಕಿಸಿದಿರಿ. 'ಬೆರಳಿಗೂ ಕೆಲಸ ಆತು, ಯಾರ್ಯಾರು ಬಂದಿದ್ರು ಅಂತ ಆಕಿಗೂ ತಿಳೀತು' ಅಂದಿರಿ.

ರಾಯದುರ್ಗದಲ್ಲಿ ನಿಮ್ಮನ್ನು ಮಣ್ಣಿಗೆ ಇಳಿಸುವಾಗ ನಾನು ಅಂಚಿನಲ್ಲೇ ನಿಂತಿದ್ದೆ. ನಿಮ್ಮವರ ಪದ್ಧತಿಯಂತೆ ಕೂರಿಸಿಯೇ ಇಳಿಸಿದರು. ಹಣೆ ತುಂಬ ವಿಭೂತಿ. ಗೌರಿಯ ಪಕ್ಕ ಕೂತ ಹಾಗೇ ಇದ್ದಿರಿ, ಇನ್ನೇನು ಎಣ್ಣೆ ಬಟ್ಟಲು ಕೇಳುತ್ತೀರಿ ಅನ್ನಿಸಿತು. ಅತ್ತೂ ಅತ್ತೂ ಮಣ್ಣು ಹಾಕಲು ನನಗೆ ಕೈಯೇ ಏಳಲಿಲ್ಲ. ಅದರ ಮರುವಾರ ಒಬ್ಬಳೇ ರತ್ನಗಿರಿಗೆ ಹೋದಾಗ ಗೌರಿಯ ಅಜ್ಜಿ, 'ದೊಡ್ಡ ಮೇಡಮ್ಮ ಎಲ್ಲವ್ವ?' ಅಂತ ಕೇಳಿತು. 'ರಜೆಯಲ್ಲಿದ್ದಾರೆ ಅಜ್ಜಿ' ಅಂದುಬಿಟ್ಟೆ.

ಅವತ್ತು ನನ್ನ ಚೀಲದಲ್ಲಿ ಮೂರು ದುಪಟ್ಟಾ ಹೆಚ್ಚಿಗೆ ಇದ್ದವು. ಬೈಯಬೇಡಿ. ಮನೆಗೆ ಹೋಗಿದ್ದಕ್ಕೆ ಗುರುತಾಗಿ ಮಗುವಿನ ಜೊತೆ ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಬೇಕಲ್ಲ? ದುಪಟ್ಟಾ ಬದಲಿಸಿ ಬದಲಿಸಿ, ಮುಂದಿನ ಮೂರು ವಾರದ ಫೋಟೋಗಳನ್ನೂ ಒಂದೇ ದಿನ ಮುಗಿಸಿದೆ. ಎರಡು ತಿಂಗಳಿಂದ ಸಂಬಳ ಬಂದಿರಲಿಲ್ಲ, ಬಸ್ಸಿಗೂ ಆಟೋಗೂ ಕೈಯಿಂದಲೇ ಹಾಕಿ ಸಾಕಾಗಿತ್ತು. ಹಿಂದೂಪುರದ ಕಡೆಯ ಒಂದು ಗಾರ್ಮೆಂಟ್ಸಿನವರು ಮೂರು ಶನಿವಾರ ಬಂದು ಕೆಲಸ ಕಲಿತುಕೋ ಅಂದಿದ್ದರು. ಅಲ್ಲಿ ನಮಗಿಂತ ಜಾಸ್ತಿ ಕೊಡುತ್ತಾರೆ, ಅದೂ ತಿಂಗಳು ತಿಂಗಳಿಗೆ. ಮನೆಗೆ ಬಂದು ಫೋಟೋ ನೋಡಿದರೆ, ಒಂದರಲ್ಲೂ ಗೌರಿ ನನ್ನ ಕಡೆ ನೋಡಿಲ್ಲ, ಫೋನಿನ ಕಡೆಯೂ ನೋಡಿಲ್ಲ. ಎಡಗಡೆಯ ಖಾಲಿ ಚಾಪೆ ನೋಡಿಕೊಂಡು ನಗುತ್ತಿದ್ದಾಳೆ. ಆದರೂ ವಾರಕ್ಕೊಂದರಂತೆ ಗ್ರೂಪಿಗೆ ಹಾಕಿದೆ.

ಮೊನ್ನೆ ಶನಿವಾರ ಬೆಳಿಗ್ಗೆ ರತ್ನಗಿರಿಗೆ ಹೋದೆ. ಸೋಮವಾರದಿಂದ ಗಾರ್ಮೆಂಟ್ಸಿಗೆ ಸೇರುವುದಿತ್ತು, ಇನ್ನು ಬರುವುದಿಲ್ಲ ಅಂತ ಹೇಳಿಬರೋಣ ಅಂತ. ಅಜ್ಜಿ ಕುರಿ ಬಿಡುತ್ತಿತ್ತು. 'ಮೂರು ವಾರ ಬರೋಕಾಗಲಿಲ್ಲ ಅಜ್ಜಿ' ಅಂದೆ.

'ನೀನ್ ಬರ್ದಿದ್ರೇನವ್ವ, ದೊಡ್ಡ ಮೇಡಮ್ಮ ಬತ್ತಾವ್ರಲ್ಲ' ಅಂದಿತು. 'ನಾನ್ ಕುರಿ ಹೊಡ್ಕೊಂಡ್ ಹೋಗೋವಾಗ ಒಳಗೆ ಕುಂತಿರ್ತಾರೆ, ಬರೋವಷ್ಟ್ರಲ್ಲಿ ಹೋಗಿರ್ತಾರೆ. ಒಂದ್ ಲೋಟ ನೀರೂ ಮುಟ್ಟಲ್ಲ. ಯಾಕವ್ವ, ನನ್ ಮ್ಯಾಲೇನಾದ್ರೂ ಕ್ವಾಪಾನಾ? ಮಾತೇ ಆಡಲ್ಲ.'

ಅಜ್ಜಿಗೆ ಕಣ್ಣು ಮಂಜು, ಯಾರನ್ನು ನೋಡಿತೋ ಏನೋ ಅಂದುಕೊಂಡು ಒಳಗೆ ಹೋಗಿ ಗೌರಿಯ ಕಾಲು ಮುಟ್ಟಿದೆ. ಮೂರು ವಾರ ಕೈ ಬಿಟ್ಟರೆ ಆ ಕಾಲು ಸೌದೆಯಾಗುತ್ತದೆ, ನಿಮಗೆ ಗೊತ್ತಲ್ಲ? ಮೆತ್ತಗಿತ್ತು ಅಕ್ಕಾ. ಮಡಚಿದರೆ ಮಡಚಿತು. ಹರಳೆಣ್ಣೆಯ ಜಿಡ್ಡು ನನ್ನ ಬೆರಳಿಗೆ ಹತ್ತಿತು, ಅದರ ಜೊತೆ ವಿಭೂತಿಯ ವಾಸನೆ. ಬರುವುದಿಲ್ಲ ಅಂತ ಹೇಳಲು ಹೋದವಳು ಎಣ್ಣೆ ಬಟ್ಟಲು ತೆಗೆದುಕೊಂಡೆ. ಅವಳ ಬಲಗಡೆ ಕೂತು ಕಾಲು ತಿಕ್ಕಿದೆ. ಎಡಗಡೆ ಕೂರಲು ಧೈರ್ಯ ಬರಲಿಲ್ಲ.

ಬೀಜ ಹಾಕಿಸಲು ಮಣಿಕಟ್ಟು ಹಿಡಿದಾಗ ಗೌರಿ ಕೊಸರಿಕೊಂಡಳು. ತಾನೇ ಕೈ ಚಾಚಿದಳು. ಜಾರಿತು, ಮತ್ತೆ ಜಾರಿತು, ಆಮೇಲೆ ಎರಡು ಬೆರಳಲ್ಲಿ ಹಿಡಿದು ಡಬ್ಬಿಗೆ ಹಾಕಿದಳು. ತಾನೇ, ಅಕ್ಕಾ! ನೀವು ಕೇಳದೇ ಹೋದ ಸುದ್ದಿ ಅಂತ ಇದನ್ನು ಬರೆಯಲು ಕೂತೆ. ಆದರೆ ಕೇಳಿಲ್ಲ ಅಂತ ಹೇಗೆ ಹೇಳಲಿ? ನಾನು ಚಪ್ಪಾಳೆ ತಟ್ಟುತ್ತಿದ್ದ ಹಾಗೇ ಅವಳು ಎಡಗಡೆಗೆ ತಿರುಗಿ ನಕ್ಕು, ಇನ್ನೊಂದು ಬೀಜ ಎತ್ತಿ ಹಾಕಿದಳು.

ಸೋಮವಾರ ಗಾರ್ಮೆಂಟ್ಸಿನ ಬಸ್ಸು ನಮ್ಮ ಬೀದಿಯಲ್ಲಿ ನಿಂತು ಹಾರ್ನ್ ಹೊಡೆದು ಹೋಯಿತು. ನಾನು ಹತ್ತಲಿಲ್ಲ. ಸಂಬಳ ಇನ್ನೂ ಬಂದಿಲ್ಲ, ಅಜ್ಜಿಗೆ ನಿಜ ಹೇಳಲು ಇನ್ನೂ ಬಾಯಿ ಬಂದಿಲ್ಲ. ಇನ್ನು ಯಾವ ಶನಿವಾರವೂ ತಪ್ಪಿಸುವುದಿಲ್ಲ, ನಿಮ್ಮಾಣೆ. ಎಡಗಡೆಯ ಚಾಪೆ ನಿಮಗೇ ಬಿಟ್ಟಿರುತ್ತೇನೆ, ಬಂದು ಕೂತುಕೊಳ್ಳಿ. ಒಂದೇ ಒಂದು ಬೇಡಿಕೊಳ್ಳುತ್ತೇನೆ ಅಕ್ಕಾ, ನಾನಿರುವಾಗ ನನ್ನ ಕಡೆ ಮಾತ್ರ ತಿರುಗಿ ನೋಡಬೇಡಿ.

ನಿಮ್ಮ ಚಿಕ್ಕ ಮೇಡಮ್ಮ,
ಮಂಜುಳಾ