ಸತ್ತವನಿಗೆ ಬರೆಯುವ ಮಗನಿಗೆ

ಬ್ಯಾಡಗಿ
ರವಿವಾರ, ೧೫-೨-೨೦೦೯

ಪ್ರೀತಿಯ ಮಗ ದುರುಗೇಶನಿಗೆ ನಿನ್ನ ಅವ್ವನ ಆಶೀರ್ವಾದಗಳು.

ಆರಾಮ ಇದ್ದೀಯಾ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ. ಗೋವಾದ ಮಡಗಾಂವಿನ ಗಾಳಿ ನಿನಗೆ ಒಗ್ಗುವುದಿಲ್ಲವೆಂದು ಮೊದಲೇ ಹೇಳಿದ್ದೆ, ನೀನು ನನ್ನ ಮಾತು ಯಾವಾಗ ಕೇಳಿದ್ದೀ? ಮೊಬೈಲು ರಿಪೇರಿ ಮಾಡುತ್ತ ದಿನವಿಡೀ ಕತ್ತು ಬಗ್ಗಿಸಿ ಕೂರಬೇಡ. ನಾವು ಇಲ್ಲಿ ಕ್ಷೇಮ. ನಿಮ್ಮಪ್ಪನ ಮೊಣಕಾಲು ನೋವು ಹಾಗೇ ಇದೆ. ಸೈಕಲ್ ಅಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂರಬೇಡಿ ಎಂದರೆ, "ನಿಂತು ಪಂಚರ್ ತಗಿಯಾಕ ಬರತೈತೇನ?" ಎಂದು ನನಗೇ ಕೇಳುತ್ತಾರೆ. ನಿನ್ನ ತಂಗಿ ನೀಲಾ ರಾಣೆಬೆನ್ನೂರಿನ ಬೀಜದ ಕಂಪನಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನನಗೆ ಈಗ ಸುಗ್ಗಿ, ಪೇಟೆಯ ತುಂಬ ಮೆಣಸಿನಕಾಯಿ. ನಿನ್ನೆ ತೊಟ್ಟು ಬಿಡಿಸಿದ ಕೈ, ಎಷ್ಟು ತೊಳೆದರೂ ಘಾಟು ಹೋಗಿಲ್ಲ. ಈ ಕಾಗದ ಹಿಡಿದ ಕೈಯನ್ನು ಕಣ್ಣಿಗೆ ಹಚ್ಚಿಕೊಂಡೀಯೆ, ಜೋಕೆ.

ಕಾಗದ ಬರೆದು ಎಷ್ಟೋ ವರ್ಷವಾಯಿತು. ಹೊಸರಿತ್ತಿಯ ಶಾಲೆಯಲ್ಲಿ ಓದುವಾಗ ಇಡೀ ವರ್ಗದಲ್ಲಿ ನನ್ನ ಕಾಗದವನ್ನೇ ಮಾಸ್ತರರು ಓದಿ ತೋರಿಸುತ್ತಿದ್ದರು. ಈಗ "ಪ್ರೀತಿಯ ಮಗ" ಎಂದು ಬರೆದು ಪೆನ್ನು ಹಿಡಿದು ಕೂತರೆ ಮುಂದೆ ಹೊರಡುವುದೇ ಇಲ್ಲ. ಮೂರ್ನಾಲ್ಕು ಹಾಳೆ ಹರಿದು ಒಲೆಗೆ ಹಾಕಿದೆ. ನೀಲಾ ನಗುತ್ತಾಳೆ. "ಯವ್ವಾ, ಅಣ್ಣನ ಆರ್ಕುಟ್‌ನಾಗ ಎರಡು ಸಾಲು ಹಾಕ್ತೇನಿ, ಲಗೂ ಮುಟ್ಟತೈತಿ" ಅಂದಳು. ನಡುಬಜಾರಿನಲ್ಲಿ ನಿಂತು ಕೂಗಿದರೂ ಲಗೂ ಮುಟ್ಟುತ್ತದೆ. ಆದರೆ ನಾನು ಹೇಳಬೇಕಾದದ್ದನ್ನು ನಿನ್ನ ಗೆಳೆಯರೆಲ್ಲ ಓದಿ, ಕೆಳಗೆ ಹೂವಿನ ಚಿತ್ರ ಅಂಟಿಸಿ ಹೋಗುವುದು ನನಗೆ ಬೇಡ.

ನನಗೆ ಎಲ್ಲ ಗೊತ್ತಾಗಿದೆ, ದುರುಗೇಶ. ಪೇಟೆಯಲ್ಲಿ ನನ್ನ ಪಕ್ಕದಲ್ಲಿ ಕೂತು ಕಾಯಿ ಬಿಡಿಸುವ ಜಾಹೀದಾಳ ಮಗಳು ಕಂಪ್ಯೂಟರ್ ಕಲಿಯುತ್ತಾಳೆ. ಒಂದು ದಿನ ಜಾಹೀದಾ ಮೆಲ್ಲಗೆ, "ನಿನ್ನ ದೊಡ್ಡ ಮಗ ತಮ್ಮಗ ದಿನಾ ಬರೀತಾನಂತಲ್ಲ, ನಿನಗ ಗೊತ್ತೈತೇನ?" ಎಂದು ಕೇಳಿದಳು. ನನಗೆ ತಿಳಿಯಲಿಲ್ಲ. ಯಾವ ತಮ್ಮ? ಕಿರಣಕುಮಾರ ಹೋಗಿ ಆರು ತಿಂಗಳಾಯಿತಲ್ಲ. ಅಂದು ಸಂಜೆಯೇ ನೀಲಾಳನ್ನು ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರಿಗೆ ಹೋದೆ. ಕಂಪ್ಯೂಟರಿನ ಗಾಜಿನಲ್ಲಿ, ಅವನದೇ ಆರ್ಕುಟ್ ಪುಟದಲ್ಲಿ, ನಮ್ಮ ಕಿರಣ ನಗುತ್ತ ಕೂತಿದ್ದ, ಆ ಕೆಂಪು ಶರ್ಟಿನಲ್ಲಿ. ಕೆಳಗೆ ಸಾಲು ಸಾಲಾಗಿ ನಿನ್ನ ಬರಹ, ಎಲ್ಲ ಇಂಗ್ಲೀಷು. 'ಮಿಸ್ ಯು' ಅಂದರೆ ಏನೆಂದು ಕೇಳಿದೆ. "ನಿನ್ನ ನೆನಪು ಬರಾಕತ್ತೈತಿ ಅಂತ" ಎಂದಳು ನೀಲಾ. ಅದೊಂದು ಮಾತನ್ನು ಹೇಳಲು ನನ್ನ ಮಗನಿಗೆ ಕನ್ನಡ ಸಾಲದೇ ಹೋಯಿತೇ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಈಗ ಎಷ್ಟೋ ಸಲ ಹೋಗಿ ಬಂದಿದ್ದೇನೆ. 'ಎಲ್ಲಿದ್ದೀ' ಎಂದು ನೀನು ಅವನನ್ನು ಕೇಳುತ್ತೀಯಲ್ಲ, ಆ ಮಾತು ನನ್ನ ಹಿಂದೆಯೇ ಮನೆಗೆ ಬಂದುಬಿಟ್ಟಿದೆ. ರೊಟ್ಟಿ ಬಡಿಯುವಾಗ ಯಾರೋ ಕೇಳಿದ ಹಾಗಾಗಿ ತಿರುಗಿ ನೋಡುತ್ತೇನೆ. ಮೊನ್ನೆ ಅವನ ಹುಟ್ಟಿದ ದಿನ. ಸುದ್ದಿ ತಿಳಿಯದ ಯಾವ ಊರಿನ ಹುಡುಗರೋ ಏನೋ, 'ನೂರು ವರ್ಷ ಬಾಳು' ಎಂದು ಬರೆದಿದ್ದರು. ನಮ್ಮ ಕಾಲದಲ್ಲಿ ಸಾವಿನ ಕಾರ್ಡು ಬಂದರೆ ಹೊಸ್ತಿಲ ಹೊರಗೇ ಓದಿ, ಅಲ್ಲೇ ಹರಿದು, ಕೈಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದೆವು. ಅದು ಮನೆಯೊಳಗೆ ಉಳಿಯಬಾರದು. ಈ ಗಾಜಿನ ಕಾಗದವನ್ನು ಹೇಗೆ ಹರಿಯಲಿ, ಹೇಳು. ತೆಗೆಸಿಬಿಡೋಣ ಎಂದು ನೀಲಾ ಅಂದರೆ, ಬೇಡ, ಇರಲಿ ಎಂದು ನಾನೇ ಅವಳ ಕೈ ಹಿಡಿಯುತ್ತೇನೆ.

ನನ್ನ ಸಂಕಟ ಇದೊಂದೇ. ಸತ್ತವನಿಗೆ ದಿನಾ ಬರೆಯುವ ನೀನು ಬದುಕಿರುವ ನಮಗೆ ಒಂದು ಸಾಲು ಬರೆಯಲಿಲ್ಲ. ಮಣ್ಣು ಮಾಡಿದ ಮೂರನೇ ದಿನಕ್ಕೇ ಚೀಲ ಹೆಗಲಿಗೆ ಹಾಕಿ ಹೋದವನು ದೀಪಾವಳಿಗೂ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ನಿಮ್ಮಪ್ಪ ಫೋನು ಹಚ್ಚಿ ಕೊಟ್ಟರೆ, "ಆರಾಮ ಅದೇನಿ ಯವ್ವಾ, ಗಿರಾಕಿ ಬಂದಾರ, ಇಡ್ತೇನಿ" ಎಂದು ಇಟ್ಟುಬಿಡುತ್ತೀ. ಮೊದಲು ಹೀಗಿರಲಿಲ್ಲ. ಕಿರಣನ ಫೋನಿನಲ್ಲಿ ಎರಡನೇ ಗುಂಡಿ ಒತ್ತಿ ಹಿಡಿದರೆ ನಿನಗೆ ಹೋಗುತ್ತದೆ ಎಂದು ನನಗೆ ಕಲಿಸಿದವನು ನೀನೇ. ಎರಡು ಸಲ ಬಾರಿಸಿ ಕಟ್ಟಾದರೆ ಅದು ಅವ್ವನ ಮಿಸ್ಡ್ ಕಾಲ್, ಉದ್ದಕ್ಕೆ ಬಾರಿಸಿದರೆ ಕಿರಣ ಎಂದು ನಿನ್ನ ಲೆಕ್ಕ. ಐದು ನಿಮಿಷದಲ್ಲಿ ತಿರುಗಿ ಮಾಡುತ್ತಿದ್ದೆ. ಆ ಫೋನು ಈಗ ಟ್ರಂಕಿನಲ್ಲಿ ಅವನ ಶರ್ಟಿನ ಕೆಳಗಿದೆ. ನನ್ನಿಂದ ಏನು ತಪ್ಪಾಯಿತೋ ತಿಳಿಯದು. ಹೊಳೆ ತುಂಬಿ ಹರಿಯುವಾಗ ಐರಣಿಗೆ, ಮಾವನ ಮನೆಗೆ ಹೋಗುತ್ತೇನೆಂದಾಗ ತಮ್ಮನನ್ನು ಯಾಕೆ ತಡೆಯಲಿಲ್ಲ ಎಂದು ನನ್ನ ಮೇಲೆ ಸಿಟ್ಟಿದೆಯೇ? ಇದ್ದರೆ ಬಂದು ಎದುರಿಗೆ ಬೈದು ಹೋಗು. ಅವನಿಗೆ ಹೇಳುವಂಥದ್ದು, ನನಗೆ ಹೇಳಬಾರದ್ದು ಏನಿದೆ ನಿನ್ನ ಹತ್ತಿರ?

ಇನ್ನೇನು ಬರೆಯಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಪ್ಪ ಆಶೀರ್ವಾದ ತಿಳಿಸಿದ್ದಾರೆ, ಬಾಯಿ ಬಿಟ್ಟು ಹೇಳಿಲ್ಲ, ಆದರೆ ಕಾಗದ ಬರೆಯುತ್ತಿದ್ದೇನೆಂದು ಕೇಳಿ ಅಂಚೆಚೀಟಿ ತಂದುಕೊಟ್ಟರು. ನೀಲಾಳ ನಮಸ್ಕಾರ. ದೇವರು ನಿನ್ನನ್ನು ನೂರು ವರ್ಷ ಇಡಲಿ. ಈ ಮಾತು ಖರೇ ಆಗಬೇಕಾದವನು ನೀನೊಬ್ಬನೇ ಉಳಿದಿದ್ದೀ.

ನಿನ್ನ ಅವ್ವ,
ಉಚ್ಚಂಗೆವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀಲಾ ಬಂದು ಪಕ್ಕದಲ್ಲಿ ಕೂತು, "ಯವ್ವಾ, ಅಣ್ಣ ಬರದದ್ದು ಒಂದು ನಿನಗ ಓದಿ ಹೇಳಿರಲಿಲ್ಲ. ನೀ ಮತ್ತ ಅಳ್ತಿ ಅಂತ ಬಿಟ್ಟಿದ್ದೆ" ಅಂದಳು. 'ಅವತ್ತು ಸಂಜೆ ನಿನ್ನ ಫೋನು ಉದ್ದಕ್ಕೆ ಬಾರಿಸಿತು, ನಾನು ಎತ್ತಲಿಲ್ಲ, ಹೊಳೆಯ ದಂಡೆಯಿಂದ ನನ್ನನ್ನು ಯಾಕೆ ಕರೆದೆ, ಕಿರಣ' ಎಂದು ಬರೆದಿದ್ದೀಯಂತೆ. ದುರುಗೇಶ, ನನ್ನಪ್ಪಾ, ಆರು ತಿಂಗಳು ಇದನ್ನು ಎದೆಯಲ್ಲಿಟ್ಟುಕೊಂಡು ಹೇಗೆ ಇದ್ದೆಯೋ. ನನಗೆ ಒಂದು ಸಾಲು ಬರೆದಿದ್ದರೆ ಅಂದೇ ಹೇಳುತ್ತಿದ್ದೆನಲ್ಲ. ಕಿರಣ ಫೋನು ಒಯ್ದೇ ಇರಲಿಲ್ಲ. "ಹೊಳ್ಯಾಗ ಬಿದ್ರ ಕೆಡತೈತಿ, ಮನ್ಯಾಗ ಇರ್ಲಿ ಬೇ" ಎಂದು ತಾನೇ ಚಾರ್ಜಿಗೆ ಹಾಕಿ ಹೋಗಿದ್ದ. ದೀಪ ಹಚ್ಚಿ ಎರಡನೇ ಗುಂಡಿ ಒತ್ತಿದವಳು ನಾನು. ಐರಣಿಯ ಸುದ್ದಿ ಆಗ ಇನ್ನೂ ಬಂದಿರಲಿಲ್ಲ. ಪಂಚಮಿ ಹತ್ತಿರ ಬಂದಿತ್ತು, ಉಂಡಿ ಕಟ್ಟುತ್ತ ಕೂತಿದ್ದೆ, ಕೈತುಂಬ ಬೆಲ್ಲದ ಪಾಕ, ಹೇಗೋ ಬೆರಳ ಗೆಣ್ಣಿನಿಂದ ಒತ್ತಿದೆ, ಕಟ್ ಮಾಡಲು ಆಗಲಿಲ್ಲ, ಅದಕ್ಕೇ ಉದ್ದಕ್ಕೆ ಬಾರಿಸಿತು. ನೀನು ಎತ್ತಿದ್ದರೂ ನಾನು ಕೇಳುತ್ತಿದ್ದುದು ಇಷ್ಟೇ: ನಿನಗ ಎಳ್ಳಿನುಂಡಿ ಕಳಸ್ಲೋ, ಶೇಂಗಾದುಂಡಿ ಕಳಸ್ಲೋ?