ಉಸಿರು ಮೆತ್ತಿದ ಗಾಜು

ನರೀನ್, ಜನವರಿ

ಓಶ್‌ನಲ್ಲಿರುವ ಅಕ್ಕನಿಗೆ ತಂಗಿಯ ಸಲಾಮು.

ನಿನ್ನೆ ಬೆಳಿಗ್ಗೆ ಪಕ್ಕದ ಮನೆಯ ಕನಿಕೇಯ್‌ಗೆ ಹೆರಿಗೆ ನೋವು ಬಂತು. ಆಸ್ಪತ್ರೆಗೆ ಹೊರಡೋಣವೆಂದರೆ ಅವಳ ಗಂಡ ಸಾಗಿನ್‌ನ ಕಾರಿನ ಗಾಜಿನ ಮೇಲೆ ಬೆರಳು ದಪ್ಪದ ಮಂಜುಗಡ್ಡೆ. ಕುದಿಯುವ ನೀರು ಸುರಿಯಲು ಬಂದ. ಗಾಜು ಬಿರುಕು ಬಿಡುತ್ತದೆಂದು ಕೆಟಲ್ ಕಸಿದುಕೊಂಡೆ. ಅವನ ತಾಯಿ ನಾಮಕರಣಕ್ಕಿಟ್ಟಿದ್ದ ವೋಡ್ಕಾ ಸುರಿದು, ಸೌಟಿನಿಂದ ಕೆರೆದು, ಅಂಗೈಯಗಲ ಕಿಂಡಿ ಮಾಡಿಕೊಟ್ಟಳು.

ಕನಿಕೇಯ್ ಜೊತೆ ನಾನೂ ಹಿಂದಿನ ಸೀಟಿಗೆ ಹತ್ತಿದೆ. ಕಾರಿನ ಹೀಟರ್ ಕೆಟ್ಟಿತ್ತು. ದಾರಿಯಲ್ಲಿ ನಮ್ಮ ಉಸಿರೇ ಒಳಗಿನಿಂದ ಗಾಜಿಗೆ ಹೆಪ್ಪುಗಟ್ಟತೊಡಗಿತು.

"ಜೋರಾಗಿ ಉಸಿರು ಬಿಡಮ್ಮ," ಎಂದೆ ನಾನು.

"ಬಿಡಬೇಡ ಕಣೇ, ದಾರಿ ಕಾಣ್ತಿಲ್ಲ!" ಎಂದು ಸಾಗಿನ್ ಕೂಗಿದ.

"ಹಾಗಾದ್ರೆ ನೀನೇ ಹೆರು, ಗಾಡಿ ನಾನು ಓಡಿಸ್ತೀನಿ!" ಎಂದಳು ಕನಿಕೇಯ್.

ಸೇತುವೆಯ ಹತ್ತಿರ ಏನೂ ಕಾಣದೆ ಕಾರು ನಿಂತಿತು. ಹಿಂದಿನ ಸೀಟಿನಲ್ಲೇ ಹೆಣ್ಣು ಮಗು ಹುಟ್ಟಿತು. ಆದರೆ ಅಳಲಿಲ್ಲ. ನನ್ನ ಕೋಟಿನಲ್ಲಿ ಸುತ್ತಿ ಬೆನ್ನು ಉಜ್ಜಿದೆ.

"ಉಸಿರಾಡೇ ಮಗಳೇ, ಎಷ್ಟು ಬೇಕಾದ್ರೂ ಉಸಿರಾಡೇ," ಎಂದು ಸಾಗಿನ್ ಗೋಗರೆದ.

ಅತ್ತಿತು. ಪಕ್ಕದ ಗಾಜು ಬೆಳ್ಳಗಾಯಿತು. ಅವನು ಅದನ್ನು ಒರೆಸಲೇ ಇಲ್ಲ.

ತಾಯಿ, ಮಗು ಆಸ್ಪತ್ರೆಯಲ್ಲಿ ಕ್ಷೇಮ. ನನಗೆ ಬರೀ ನೆಗಡಿ. ಕೋಟು ಮಾತ್ರ ಮಗುವಿನ ಜೊತೆಗೇ ಹೋಯಿತು, ವಾಪಸು ಕೇಳಲು ಮನಸ್ಸಿಲ್ಲ. ನಿನ್ನ ಹಳೆಯದನ್ನು ಬೇಗ ಕಳಿಸು.

ಝಿಬೆಕ್