ಸದ್ದು ಮಾಡದ ಬಾಗಿಲು

ಬೀದರ, ನವೆಂಬರ್ 1956

ತಮ್ಮ ಗೋರಖನಾಥನಿಗೆ ಅಣ್ಣ ಕಾಶೀರಾಮನ ಆಶೀರ್ವಾದ.

ಮೈಸೂರು ರಾಜ್ಯದ ಹೊಸ ನಂಬರು ಬರೆಸಲು ಇಲ್ಲಿಯ ವಕೀಲರೊಬ್ಬರು ತಮ್ಮ ಹಳೆಯ ಕಾರನ್ನು ನನ್ನ ಗ್ಯಾರೇಜಿಗೆ ತಂದಿದ್ದರು. ಅದರ ಬಾಗಿಲುಗಳಿಗೆ ನೀನು ಭಾಲ್ಕಿಯಲ್ಲಿ ಹೊಸ ತಗಡು ಹಾಕಿದ್ದೀಯಂತೆ. "ಬಾಗಿಲ ಹಾಕಿ ನೋಡ್ರಿ ಮಿಸ್ತ್ರಿ, ಸಪ್ಪಳೇ ಇಲ್ಲ. ನಿಮ್ಮ ಕೈಲೆ ಇದು ಆಗಿದ್ದಿಲ್ಲ ಬಿಡ್ರಿ" ಎಂದು ನಕ್ಕರು. ಒಮ್ಮೆಯಾದರೂ ಗಡಗಡ ಎನ್ನಲೆಂದು ನಾಲ್ಕು ಸಲ ಬಡಿದೆ. ಎನ್ನಲಿಲ್ಲ. ನಿನಗೆ ಕೆಲಸ ಕಲಿಸಿದವನು ನಾನು, ಹೊಟ್ಟೆ ಉರಿಯಿತು.

ಅವರು ಚಹಾಕ್ಕೆ ಹೋದಾಗ ಬಾಗಿಲ ಒಳಹಲಗೆ ಬಿಚ್ಚಿದೆ. ಸದ್ದು ಅಡಗಿಸಲು ತಗಡಿನ ಹಿಂದೆ ನೀನು ಡಾಂಬರಿನಿಂದ ಅಂಟಿಸಿದ್ದು ಅವ್ವನ ಕೆಂಪಂಚಿನ ಕಂಬಳಿಯ ತುಂಡು! ಸಾಯುವಾಗ ಅದನ್ನು ನಿನಗೇ ಕೊಟ್ಟಳೆಂದು ಹತ್ತು ವರ್ಷ ಕುದಿದಿದ್ದೇನೆ.

ಹಲಗೆಯನ್ನು ಮೊದಲಿನಂತೆಯೇ ಕೂಡಿಸಿದ್ದೇನೆ. ಕಂಬಳಿ ಇನ್ನೂ ಉಳಿದಿದ್ದರೆ ಬಸ್ಸಿನಲ್ಲಿ ಕಳಿಸು. ಯಾವ ಕಾರಿಗೂ ಹಾಕುವುದಿಲ್ಲ. ಚಳಿ ಬಂತು, ಮೊಣಕಾಲು ಮುಚ್ಚುವಷ್ಟಿದ್ದರೂ ಸಾಕು.

ನಿನ್ನ ಅಣ್ಣ,
ಕಾಶೀರಾಮ